‘ಗಾಡಿ ಬಿಡಲಿ’: ಒಂದು ಪ್ರಾರ್ಥನಾ ಚೀಟಿಯ ತಿದ್ದುಪಡಿ

ಹೊಸಪೇಟೆಯಲ್ಲಿ ಸಂಡೂರಿನ ರಸ್ತೆಗೆ ಅಂಟಿಕೊಂಡಿರುವ ಬಡಾವಣೆಯೊಂದರ ಕ್ರೈಸ್ತ ಸಭೆಗೆ ನಾನು ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ಅದಕ್ಕೂ ಮೊದಲು, ನಮ್ಮ ಶಾಲೆ ಮುಚ್ಚುವವರೆಗೆ, ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನನ್ನ ಜಾಗಕ್ಕೆ ಬಂದಿರುವ ತರುಣಿ ಕಳೆದ ವಾರ ಮನೆಗೆ ಬಂದು, ಈ ಕೆಲಸದಲ್ಲಿ ಏನೇನು ಮಾಡಬೇಕು ಎಂಬುದನ್ನು ಬರೆದುಕೊಡಿ ಎಂದು ಕೇಳಿದಳು. ಪಟ್ಟಿ ಅರ್ಧ ಗಂಟೆಯಲ್ಲಿ ಮುಗಿಯಿತು: ಹಾಜರಿ, ಪ್ರಕಟಣೆ, ಮದುವೆ ದಾಖಲೆ, ಮೇಜಿನ ಬಟ್ಟೆ, ಬಾಗಿಲ ಬಳಿಯ ಕುಡಿಯುವ ನೀರು, ಪ್ರಾರ್ಥನಾ ಚೀಟಿ. ಕೊನೆಯ ಪದ ಬರೆದ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲವರೆಗೆ ಹೋಗಿಬಂದೆ, ಮತ್ತೆ ಕುಳಿತೆ, ಮತ್ತೆ ಎದ್ದೆ. ಪಟ್ಟಿಯನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ.

ಅವು ಗಣಿಯ ಭರಾಟೆಯ ವರ್ಷಗಳು. ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತ ಲಾರಿಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಮ್ಮ ಬಡಾವಣೆಯ ಮಗ್ಗುಲಲ್ಲೇ ಹಾಯುತ್ತಿದ್ದವು. ಮೊದಲು ಟೈರಿಗೆ ಪಂಕ್ಚರ್ ಹಾಕುತ್ತಿದ್ದ ತಗಡಿನ ಶೆಡ್ಡೇ ನಮ್ಮ ದೇವಾಲಯ. ಅದರ ಒಡೆಯರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ವೀರಭದ್ರಪ್ಪನವರು. ಹಣೆಯ ತುಂಬ ವಿಭೂತಿ ಧರಿಸುತ್ತಿದ್ದ ಅವರು ನನಗೆ ಬೀಗದ ಕೈ ಕೊಡುವಾಗ ಹೇಳಿದ ಮಾತು ನೆನಪಿದೆ: “ಟೈರ್ ಆದ್ರೂ ಬರ್ಲಿ, ದೇವ್ರಾದ್ರೂ ಬರ್ಲಿ. ಜಾಗ ಖಾಲಿ ಇರಬಾರದ್ರಿ ಟೀಚರ್ರೇ.”

ನಾನು ಸೇರಿದಾಗ ಸಭೆ ಆರಂಭವಾಗಿ ವರ್ಷವೂ ಆಗಿರಲಿಲ್ಲ. ಬರುತ್ತಿದ್ದವರಲ್ಲಿ ಹೆಚ್ಚಿನವರು ಲಾರಿ ಚಾಲಕರ, ಹಮಾಲರ ಮನೆಯವರು. ಅವರಲ್ಲಿ ಕೆಲವರು ಕ್ರೈಸ್ತರು. ಕೆಲವರು ಮನೆಯಲ್ಲಿ ತಮ್ಮ ದೇವರಿಗೆ ದೀಪ ಹಚ್ಚಿ ಇಲ್ಲಿಗೂ ಬರುವವರು. ಭಾನುವಾರ ಬೆಳಿಗ್ಗೆ ತೊಳೆದ ಬಿಳಿಯ ಬಟ್ಟೆಯನ್ನು, ರೊಟ್ಟಿ ದ್ರಾಕ್ಷಾರಸ ಇಡುವ ಕರ್ತನ ಮೇಜಿನ ಮೇಲೆ ಹಾಸಿದರೆ ಆರಾಧನೆ ಮುಗಿಯುವಷ್ಟರಲ್ಲಿ ಅದು ಅದಿರಿನ ಧೂಳಿಗೆ ಕೆಂಪಗಾಗಿರುತ್ತಿತ್ತು. ಲಾರಿಯೊಂದು ಹಾಯುವಾಗಲೆಲ್ಲ ತಗಡು ನಡುಗುತ್ತಿತ್ತು, ಉಪದೇಶದ ಪ್ರಸಂಗ ಅರ್ಧಕ್ಕೆ ನಿಲ್ಲುತ್ತಿತ್ತು. ಯಾರಿಗೂ ನೆಮ್ಮದಿಯಾಗಿ ಕುಳಿತು ಅಭ್ಯಾಸವೇ ಇರಲಿಲ್ಲ. ಹೊರಗೆ ಹಾರ್ನ್ ಕೇಳಿದರೆ ಅರ್ಧ ಜನ ಕತ್ತು ಹೊರಳಿಸುತ್ತಿದ್ದರು, ತಮ್ಮ ಮನೆಯವರದೇ ಇರಬಹುದೆಂದು.

ನಾನು ಸೇರಿದ ವಾರವೇ ನಾಮಫಲಕ ಬಂತು. ಬರೆದವನು ‘ಪ್ರಾರ್ತನ ಮಂದಿರ’ ಎಂದು ಬರೆದಿದ್ದ. ಅದನ್ನು ತೂಗುಹಾಕಲು ನಾನು ಒಪ್ಪಲಿಲ್ಲ.

ವೀರಭದ್ರಪ್ಪನವರು ನಕ್ಕರು. “ದೇವ್ರಿಗೂ ಮಹಾಪ್ರಾಣ ಬೇಕೇನ್ರೀ? ಅಲ್ಪಪ್ರಾಣದಾಗ ಕೂಗಿದ್ರ ಕೇಳಂಗಿಲ್ಲೇನು?”

“ದೇವರಿಗೆ ಕೇಳುತ್ತದೆ. ಆದರೆ ಈ ದಾರಿಯಲ್ಲಿ ಹೋಗುವ ಮಕ್ಕಳು ಇದನ್ನೇ ಕಲಿಯುತ್ತಾರೆ” ಎಂದೆ. ಫಲಕ ವಾಪಸು ಹೋಗಿ, ‘ಪ್ರಾರ್ಥನಾ ಮಂದಿರ’ವಾಗಿ ಬಂತು.

ನನ್ನ ಮೇಲಧಿಕಾರಿ ಎಂದರೆ ಪಾಸ್ಟರ್ ದೇವಪುತ್ರ. ಕಂಪ್ಲಿ ಕಡೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಮಾತಿನಲ್ಲಿ ತೆಲುಗಿನ ಛಾಯೆ ಇತ್ತು. ಲಕಾರ ಳಕಾರಗಳ ವ್ಯತ್ಯಾಸ ಅವರ ನಾಲಗೆಗೆ ಒಗ್ಗುತ್ತಿರಲಿಲ್ಲ. ಒಂದು ಭಾನುವಾರ, ಕೆಂಪು ಧೂಳು ಮೆತ್ತಿಕೊಂಡ ಮುಖಗಳನ್ನು ನೋಡುತ್ತ ಕೈಯೆತ್ತಿ ಆಶೀರ್ವದಿಸಿದರು: “ಕರ್ತನು ನಿಮ್ಮೆಲ್ಲರ ಮುಖದ ಕಳೆಯನ್ನ ತೊಳೆದುಹಾಕಲಿ!”

“ಕಲೆ, ಪಾಸ್ಟರ್, ಕಲೆ” ಎಂದು ನಾನು ಕುಳಿತಲ್ಲಿಂದಲೇ ಗಟ್ಟಿಯಾಗಿ ತಿದ್ದಿದೆ. “ಕಳೆ ತೊಳೆದುಹೋದರೆ ಮುಖದಲ್ಲಿ ಉಳಿಯುವುದೇನು?”

ಜನ ನಕ್ಕರು. ಪಾಸ್ಟರ್ ಕೂಡ ನಕ್ಕರು. ಆದರೆ ಆಮೇಲೆ ಎರಡು ವಾರ ಳಕಾರವಿರುವ ಪದಗಳನ್ನೆಲ್ಲ ಬಿಟ್ಟು ಪ್ರಸಂಗ ಮಾಡಿದರು. ಅದು ನನ್ನ ಮೊದಲ ತಪ್ಪು. ಆಗ ನನಗದು ತಪ್ಪೆಂದು ಅನ್ನಿಸಿರಲಿಲ್ಲ.

ಇನ್ನು ಚೀಟಿಯ ವಿಷಯ. ನಾನು ಬರುವ ಮೊದಲು ಜನ ಎದ್ದು ನಿಂತು ತಮ್ಮ ಕೋರಿಕೆಯನ್ನು ಬಾಯಿಯಲ್ಲೇ ಹೇಳುತ್ತಿದ್ದರು. ಒಬ್ಬೊಬ್ಬರದು ಹತ್ತು ನಿಮಿಷ. ಅಳು, ಅತ್ತೆಯ ದೂರು, ಮತ್ತೆ ಅಳು. ಒಂದು ಕ್ರಮವಿರಲೆಂದು ನಾನು ಚೀಟಿಯ ಪದ್ಧತಿ ತಂದೆ. ಕೋರಿಕೆಯನ್ನು ಬರೆದು ಡಬ್ಬಿಗೆ ಹಾಕಬೇಕು. ನಾನು ಪ್ರತಿಯೊಂದನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಉದ್ದನೆಯ ಪುಸ್ತಕದಲ್ಲಿ ಶುದ್ಧಪ್ರತಿ ಮಾಡಿ, ಅದನ್ನು ಸಭೆಯ ಮುಂದೆ ಓದುತ್ತಿದ್ದೆ. ಎಲ್ಲರೂ ಆಮೆನ್ ಎನ್ನುತ್ತಿದ್ದರು. ಮೂಲ ಚೀಟಿಗಳನ್ನು ತಂತಿಗೆ ಚುಚ್ಚಿ ಇಡುತ್ತಿದ್ದೆ. ಬರೆಯಲು ಬಾರದ ಹೆಂಗಸರಿಗಾಗಿ ಸೋಮವಾರ ಮತ್ತು ಗುರುವಾರ ಸಂಜೆ ಪಾಠ ಇಟ್ಟೆ. ಸಭೆಯ ಸಮಯ ಅರ್ಧಕ್ಕೆ ಇಳಿಯಿತು. ಬೇರೆ ಸಭೆಯವರೂ ಬಂದು ಈ ಪದ್ಧತಿಯನ್ನು ನೋಡಿಕೊಂಡು ಹೋದರು. ನನಗೆ ಹೆಮ್ಮೆಯಿತ್ತು.

ಪಾಠಕ್ಕೆ ಬರುತ್ತಿದ್ದವರಲ್ಲಿ ಹುಲಿಗೆಮ್ಮ ಒಬ್ಬಳು. ಮೆಟ್ರಿಯವಳು, ಗಂಡ ಯಂಕೋಬನ ಜೊತೆ ಇಲ್ಲಿಗೆ ಬಂದು ನೆಲೆಸಿದ್ದಳು. ಯಂಕೋಬ ಎಮ್ಮಿಗನೂರಿನಲ್ಲಿ ಕಬ್ಬು ಕಡಿಯುತ್ತಿದ್ದವನು, ಈಗ ಅದಿರಿನ ಲಾರಿಯ ಚಾಲಕ. ಆರು ತಿಂಗಳಲ್ಲಿ ಹುಲಿಗೆಮ್ಮ ಓದು ಬರಹ ಕಲಿತಳು. ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ಮುಂದಿನ ಪಾಠಕ್ಕೆ ಹತ್ತು ಸಲ ಬರೆದು ತರುತ್ತಿದ್ದಳು. ಅಂಥ ವಿಧೇಯ ವಿದ್ಯಾರ್ಥಿನಿ ಶಾಲೆಯಲ್ಲೂ ನನಗೆ ಸಿಕ್ಕಿರಲಿಲ್ಲ.

ಒಂದು ವಾರ ಯಾವುದೋ ಪರವಾನಗಿಯ ತಕರಾರಿನಿಂದ ಲಾರಿಗಳು ನಿಂತಲ್ಲೇ ನಿಂತಿದ್ದವು. ಡಬ್ಬಿಯ ತುಂಬ ಒಂದೇ ಕೋರಿಕೆ: ಗಾಡಿ ಓಡಲಿ, ಲೋಡು ಸಿಗಲಿ, ಸಾಲು ಸರಿಯಲಿ. ಅವುಗಳ ನಡುವೆ ಹುಲಿಗೆಮ್ಮ ಸ್ವಂತವಾಗಿ ಬರೆದ ಮೊದಲ ಚೀಟಿ ಇತ್ತು:

‘ನನ ಗಂಡ ಗಾಡಿ ಬಿಡಲಿ ಅಂತ ಎಲ್ರು ಪ್ರಾರ್ತನ ಮಾಡ್ರಿ’

ನಾನು ಪೆನ್ನು ಹಿಡಿದೆ. ‘ನನ’ ಎಂಬುದು ‘ನನ್ನ’ ಆಯಿತು. ‘ಎಲ್ರು’ ಎಂಬುದು ‘ಎಲ್ಲರೂ’. ‘ಪ್ರಾರ್ತನ’ ಎಂಬುದು ‘ಪ್ರಾರ್ಥನೆ’. ‘ಬಿಡಲಿ’ಗೆ ಬಂದಾಗ ಒಂದು ಕ್ಷಣ ನಿಂತೆ. ಬಿಡು ಎಂಬ ಧಾತುವಿಗೆ ಹಲವು ಅರ್ಥಗಳಿವೆ ಎಂದು ಮಕ್ಕಳಿಗೆ ಕಲಿಸಿದವಳು ನಾನು. ಆದರೆ ಈ ರಸ್ತೆಯ ಮಗ್ಗುಲಲ್ಲಿ ಬದುಕಿ ಇಲ್ಲಿಯವರ ಮಾತನ್ನೂ ಕಲಿತಿದ್ದೇನೆಂಬ ಗರ್ವ ನನಗಿತ್ತು. ಲೋಡಾದ ಲಾರಿಯನ್ನು ಹೊರಡಿಸಲು ಇಲ್ಲಿ ಎಲ್ಲರೂ ಕೂಗುವುದು “ಗಾಡಿ ಬಿಡಲೇ” ಎಂದೇ. ಬಸ್ಸು ಹೊರಟರೆ “ಬಸ್ ಬಿಟ್ರು” ಎನ್ನುತ್ತಾರೆ. ಆದ್ದರಿಂದ ಬಿಡು ಎಂದರೆ ಓಡಿಸು ಎಂದು ತೀರ್ಮಾನಿಸಿ, ಶುದ್ಧಪ್ರತಿಯಲ್ಲಿ ಹೀಗೆ ಬರೆದೆ: ‘ನನ್ನ ಪತಿಯು ವಾಹನವನ್ನು ಸುಗಮವಾಗಿ ನಡೆಸುವಂತಾಗಲಿ.’

ಆ ಭಾನುವಾರ ಯಂಕೋಬನೂ ಬಂದಿದ್ದ. ಅದುವರೆಗೆ ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. ಹಿಂದೆ, ಚಪ್ಪಲಿ ಬಿಡುವ ಜಾಗದ ಪಕ್ಕ, ಮಂಡಿ ಅಲ್ಲಾಡಿಸುತ್ತ ಕುಳಿತಿದ್ದ. ನಾನು ಸ್ಪಷ್ಟವಾಗಿ, ಅಲ್ಪವಿರಾಮ ಪೂರ್ಣವಿರಾಮಗಳೊಡನೆ, ಓದಿದೆ. ‘ನಡೆಸುವಂತಾಗಲಿ’ ಎಂಬುದು ಮುಗಿಯುವ ಮೊದಲೇ ಆತ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ “ಆಮೆನ್!” ಎಂದ. ಜನ ನಕ್ಕರು. ನಾನೂ ನಕ್ಕೆ. ಹುಲಿಗೆಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಸಂತೋಷಕ್ಕಿರಬೇಕು ಎಂದುಕೊಂಡೆ.

ಆಮೇಲೆ ಅವಳು ಪಾಠಕ್ಕೆ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಅದರ ಮುಂದಿನ ಭಾನುವಾರ ಡಬ್ಬಿಯಲ್ಲಿ ಅವಳ ಕೈಬರಹದ ಚೀಟಿಯಿತ್ತು: ‘ದೇವ್ರು ಒಲ್ಲೆ ಅಂದ. ಇನ್ನ ಏನ ಕೇಳ್ಲಿ.’

ಇದನ್ನು ಹೇಗೆ ತಿದ್ದುವುದೆಂದು ತಿಳಿಯಲಿಲ್ಲ. ಯಾವುದಕ್ಕೆ ಒಲ್ಲೆ? ವಾಕ್ಯದಲ್ಲಿ ಕರ್ಮಪದವೇ ಇಲ್ಲ. ಆರಾಧನೆ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

“ದೇವರು ಏನು ಒಲ್ಲೆ ಎಂದ, ಹುಲಿಗೆಮ್ಮ?”

“ನೀವೇ ಓದಿದ್ರಲ್ಲ ಟೀಚರಮ್ಮ.”

“ನಾನೇನು ಓದಿದೆ?”

“ನಾ ಗಾಡಿ ಬಿಡ್ಲಿ ಅಂತ ಬರದೆ. ಬ್ಯಾಡಪ್ಪ ಈ ಲಾರಿ ಕೆಲಸ, ಬಿಟ್ಟುಬಿಡ್ಲಿ ಅಂತ. ಘಾಟ್ನಾಗ ಎರಡು ಸಲ ಕಣ್ಣು ಮುಚ್ಚ್ಯಾನ್ರಿ ಅವ, ಗಾಡಿ ಓಡಿಸ್ತಿರೋವಾಗ್ಲೇ. ವೀರಭದ್ರಪ್ಪನೋರು ಮಿಲ್ಲಿನ್ಯಾಗ ಕೆಲಸ ಕೊಡ್ತೀನಿ ಅಂದಾರ. ಮೆಟ್ರಿಗೆ ವಾಪಸ್ ಹೋದ್ರ ಅಲ್ಲಿಂದ ಕಂಪ್ಲಿಗೆ ಹೋಗಿ ಬರಬೌದು. ಇವ ಕೇಳ್ವಲ್ಲ. ವಾರಗಟ್ಲೆ ಜಗಳ. ಕಡೀಗೆ ಅಂದ, ನಿಮ್ ಚರ್ಚಿನ್ಯಾಗ ಎಲ್ರ ಮುಂದ ಕೇಳ್ಸು, ಅಲ್ಲಿ ಏನ್ ಬರ್ತೈತೋ ಹಂಗ ಮಾಡ್ತೀನಿ ಅಂತ.”

“ಮತ್ತೆ ಅಲ್ಲೇ ಎದ್ದು ಹೇಳಬಾರದಿತ್ತೇ? ಅದು ತಪ್ಪು ಎಂದು?”

ಹುಲಿಗೆಮ್ಮ ನನ್ನನ್ನೇ ಆಶ್ಚರ್ಯದಿಂದ ನೋಡಿದಳು. “ನೀವು ತಪ್ಪು ಓದ್ತೀರೇನ್ರೀ? ನಾ ಬರದಿದ್ದು ಒಂದು, ಬಂದಿದ್ದು ಒಂದು. ದೇವ್ರೇ ತಿದ್ದ್ಯಾನ ಅಂದ್ಕಂಡೆ.”

ದೇವರಲ್ಲ, ನಾನು. ನೇರವಾಗಿ ತಂತಿಯ ಬಳಿಗೆ ಹೋದೆ. ಮೂರು ವಾರದ ಚೀಟಿಗಳನ್ನು ಕಿತ್ತು ಅದನ್ನು ಹುಡುಕಿದೆ. ನನ್ನ ಕೆಂಪು ಶಾಯಿ ಮೂರು ಕಡೆ ಇತ್ತು. ‘ಬಿಡಲಿ’ ಎಂಬ ಪದವೊಂದೇ, ಅವಳು ಬರೆದಂತೆ, ಶುದ್ಧವಾಗಿ ಉಳಿದಿತ್ತು.

“ಈಗ ಅವನೆಲ್ಲಿ?”

“ಹಳೆ ಟಿಪ್ಪರ್ ಅಲ್ಲ ಈಗ. ದೊಡ್ಡ ಗಾಡಿ ಹಿಡದಾನ. ಸಂಡೂರಿನಾಗ ಲೋಡ್ ಮಾಡ್ಕಂಡು ಘಟ್ಟ ಇಳದು ಬಂದರಕ್ಕ ಹೋಗದು. ದೇವ್ರೇ ಹೇಳ್ಯಾನಂದ ಮ್ಯಾಲೆ ಅಂಜಿಕಿ ಯಾಕ ಅಂತಾನ. ಮೊದ್ಲು ಸ್ವಲ್ಪನಾರ ಅಂಜ್ತಿದ್ದ.”

ಅದೇ ಸಂಜೆ ಪಾಸ್ಟರರ ಮನೆಗೆ ಹೋದೆ. ಚೀಟಿಯನ್ನೂ ಶುದ್ಧಪ್ರತಿಯನ್ನೂ ಅಕ್ಕಪಕ್ಕ ಇಟ್ಟು ವಿವರಿಸಿದೆ.

“ಇನ್ನೂ ಎಳೇ ಸಭೆ ಟೀಚರ್ರೇ” ಎಂದರು ಅವರು. “ಓದಿದ್ದು ತಪ್ಪು ಅಂತ ಗೊತ್ತಾದ್ರ, ಇಲ್ಲೀತನಕ ಓದಿದ್ದೆಲ್ಲ ಏನು ಅಂತ ಕೇಳ್ತಾರ ಮಂದಿ.”

“ಕೇಳಲಿ. ನೀವೇ ಪ್ರಕಟಿಸಿಬಿಡಿ.”

“ನಾ ಹೇಳಂಗಿಲ್ಲ.” ಅವರ ತುಟಿಯಂಚಿನಲ್ಲಿ ನಗೆಯಿತ್ತು, ಆದರೆ ಅದು ಕೊಂಕಿನ ನಗೆಯಲ್ಲ. “ನನ್ನ ಕಳೆ ನೀವು ತೊಳದ್ರಿ. ನಿಮ್ಮದನ್ನ ನಾ ತೊಳಿಯಾದು ಬ್ಯಾಡ. ನೀವೇ ಹೇಳ್ರಿ, ಭಾನುವಾರ. ಅದಕ್ಕ ಮೊದ್ಲು ಅವನ್ನ ಹುಡುಕ್ರಿ.”

ಬುಧವಾರ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿದೆ. ಊರಿಗೆ ಇನ್ನೂ ದೂರವಿರುವಾಗಲೇ ಲಾರಿಗಳ ಸಾಲು ಕಂಡಿತು. ಬೆಟ್ಟದ ತಿರುವಿನಾಚೆಗೂ ಅದು ಮುಗಿದಿರಲಿಲ್ಲ. ಬಸ್ಸಿನಿಂದಿಳಿದು ಸಾಲಿನ ಉದ್ದಕ್ಕೂ ನಡೆದೆ. ಮರ, ಎಲೆ, ನಾಯಿ, ಚಹಾದ ಗ್ಲಾಸು ಎಲ್ಲವೂ ಒಂದೇ ಬಣ್ಣ. ಕೆಲವರು ಲಾರಿಯ ಕೆಳಗೆ ಮಲಗಿದ್ದರು. ಒಂದೊಂದು ಲಾರಿಯ ಬಳಿ ನಿಂತು, “ಎಮ್ಮಿಗನೂರಿನ ಯಂಕೋಬನವರನ್ನು ಬಲ್ಲಿರಾ?” ಎಂದು ಕೇಳುತ್ತಿದ್ದೆ.

“ಬಲ್ಲಿರಾ ಅಂತಲೇ!” ಎಂದು ಒಬ್ಬ ಇನ್ನೊಬ್ಬನಿಗೆ ಕೂಗಿದ. “ನಾಟಕದೋರು ಬಂದಾರ ನೋಡಲೇ, ಜಲ್ದಿ ಎದ್ದೇಳು!”

ಇನ್ನೊಬ್ಬ ಮಾತ್ರ ಎದ್ದು ಕುಳಿತು, “ಯಾವ ಯಂಕೋಬ್ರೀ ಅಮ್ಮ? ಆಮೆನ್ ಯಂಕೋಬನಾ?” ಎಂದು ಕೇಳಿದ. ಆ ಹೆಸರು ಲಾರಿಯ ಸಾಲಿಗೂ ತಲುಪಿತ್ತು.

ಯಂಕೋಬ ತನ್ನ ಹೊಸ ಲಾರಿಯ ಗಾಲಿಗೆ ಒರಗಿ ಚುರುಮುರಿ ತಿನ್ನುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ. ಕಣ್ಣುಗಳು ಅದಿರಿಗಿಂತ ಕೆಂಪಗಿದ್ದವು.

“ಏನ್ ಟೀಚರ್ರೇ, ಇಲ್ಲೀಮಟ? ಬರ್ರಿ, ನೆಳ್ಳಾಗ ಕುಂದ್ರಿ.”

ನಾನು ಕೂರಲಿಲ್ಲ. ಚೀಟಿಯನ್ನು ತೆಗೆದು, ಆಗಿದ್ದನ್ನು ಮೊದಲಿನಿಂದ ಹೇಳಿದೆ. ಬಿಡು ಎಂಬುದಕ್ಕೆ ತ್ಯಜಿಸು ಎಂಬ ಅರ್ಥವೂ ಹೊರಡಿಸು ಎಂಬ ಅರ್ಥವೂ ಉಂಟೆಂದು, ನಾನು ಆರಿಸಿಕೊಂಡದ್ದು ತಪ್ಪು ಅರ್ಥವೆಂದು ವಿವರಿಸಿದೆ. ಅವನ ಮುಖ ಗಂಟಿಕ್ಕುತ್ತ ಹೋಯಿತು.

“ಈಗ ಹೇಳಾಕ ಬಂದೀರೇನ್ರೀ? ಮಾಲೀಕನಿಗೆ ಮಾತು ಕೊಟ್ಟೀನಿ. ಗಾಡಿಗೆ ಲೋಡ್ ಆಗೈತಿ.”

“ತಪ್ಪು ನನ್ನದು, ಯಂಕೋಬ. ನಿನ್ನ ಹೆಂಡತಿ ಬರೆದದ್ದು ಸರಿಯಾಗಿತ್ತು.”

“ಮೊನ್ನೆ ಒಂದಂದ್ರಿ, ಇವತ್ತು ಒಂದಂತೀರಿ. ನಾಳೆ ಇನ್ನೊಂದು ಅರ್ಥ ಹುಡುಕ್ಕಂಡು ಬರ್ತೀರಿ. ನಿಮ್ ವ್ಯಾಕರಣ ನಂಗ ಬ್ಯಾಡ್ರಿ. ಅಕಿ ಬಾಯ್ಲೆ ಬರ್ಲಿ, ಅದೇ ಜಾಗದಾಗ, ಎಲ್ರ ಮುಂದ. ಆಮ್ಯಾಲೆ ನೋಡನ.”

ಮುಂದಿನಿಂದ ಯಾರೋ “ಗಾಡಿ ಬಿಡಲೇ ಯಂಕೋಬ!” ಎಂದು ಕೂಗಿದರು. ಸಾಲು ಸರಿಯಿತು. ಅವನು ಹತ್ತಿ ಕುಳಿತ. ಆ ಕೂಗಿನಲ್ಲಿದ್ದ ಕ್ರಿಯಾಪದವನ್ನು ಕೇಳುತ್ತ ನಾನು ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಲಾರಿ ತಿರುವಿನಲ್ಲಿ ಮರೆಯಾಯಿತು.

ಅಲ್ಲಿಂದ ಭಾನುವಾರದವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ ಹೇಳಲಾರೆ. ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಪತ್ರಿಕೆ ಬಂದರೆ ಘಟ್ಟದ ಅಪಘಾತದ ಸುದ್ದಿಯನ್ನು ಮೊದಲು ಹುಡುಕುತ್ತಿದ್ದೆ. ಒಂದು ಸುದ್ದಿಯಲ್ಲಿ ಅಚ್ಚಿನ ತಪ್ಪಿತ್ತು. ಕಣ್ಣಿಗೆ ಬಿದ್ದರೂ ಪೆನ್ನು ಎತ್ತಲಿಲ್ಲ. ರಸ್ತೆಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಸಭೆಯ ಹೆಂಗಸರು ಆರಾಧನೆಯ ನಡುವೆ ಕತ್ತು ಹೊರಳಿಸುವುದನ್ನು ಕಂಡು ಎಷ್ಟು ಸಲ ಸಿಡುಕಿದ್ದೆ! ಯಂಕೋಬನ ಮಾತನ್ನು ನನ್ನಿಂದ ಕೇಳಿದ್ದ ಹುಲಿಗೆಮ್ಮ ದಿನಕ್ಕೆರಡು ಸಲ ಬಂದು ಹೊಸ್ತಿಲಲ್ಲಿ ನಿಂತು, “ಏನಾರ ಗೊತ್ತಾತೇನ್ರೀ?” ಎಂದು ಕೇಳಿ, ಒಳಗೆ ಬಾರದೆ ಹೋಗುತ್ತಿದ್ದಳು. ವೀರಭದ್ರಪ್ಪನವರು ಗಿರಣಿಯ ಕೆಲಸವನ್ನು ಇನ್ನು ಎಂಟು ದಿನ ಮಾತ್ರ ಹಿಡಿದಿಡುವುದಾಗಿ ಹೇಳಿಕಳಿಸಿದ್ದರು.

ಭಾನುವಾರ ಯಂಕೋಬ ಬರಲಿಲ್ಲ. ನಾನು ಶುದ್ಧಪ್ರತಿಯ ಪುಸ್ತಕವನ್ನು ಮುಚ್ಚಿಟ್ಟು, ಚೀಟಿಯನ್ನೇ ಹಿಡಿದು ನಿಂತೆ. ಇಂಥ ಭಾನುವಾರ ಓದಿದ್ದು ನನ್ನ ವಾಕ್ಯ, ಹುಲಿಗೆಮ್ಮನದಲ್ಲ ಎಂದೆ. ನಂತರ ಚೀಟಿಯಲ್ಲಿದ್ದುದನ್ನು ಇದ್ದಂತೆಯೇ, ‘ನನ’ ಎಂಬುದನ್ನು ‘ನನ’ ಎಂದೇ, ‘ಪ್ರಾರ್ತನ’ ಎಂಬುದನ್ನು ‘ಪ್ರಾರ್ತನ’ ಎಂದೇ ಓದಿದೆ. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು: “ಹಂಗಾರ ನನ್ ಚೀಟಿನ ಏನಂತ ಓದಿದ್ರಿ ತಾಯಿ?”

ಪಾಸ್ಟರ್ ಹೆದರಿದ್ದು ಇದಕ್ಕೇ. “ಗೊತ್ತಿಲ್ಲಮ್ಮ. ತಂತಿಯಲ್ಲಿದೆ, ತೆಗೆದು ನೋಡೋಣ” ಎಂದೆ.

ಆಗ ಹುಲಿಗೆಮ್ಮ ಎದ್ದಳು. ಸೆರಗು ಬಾಯಿಯ ಮೇಲಿರಲಿಲ್ಲ. “ನನ್ ಗಂಡ ಲಾರಿ ಬಿಟ್ಟು ಮನೀಗೆ ಬರ್ಲಿ. ಜೀವಂತ ಬರ್ಲಿ. ಮಿಲ್ಲಿನ ಕೆಲಸ ಆತೋ ಬಿಟ್ತೋ, ಅದು ಆಮ್ಯಾಲಿನ ಮಾತು” ಎಂದಳು. ಆಮೆನ್ ಎಂಬುದು ಮೆಲ್ಲಗೆ ಬಂತು. ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಅಷ್ಟರಲ್ಲಿ ಲಾರಿಯೊಂದು ಹಾಯ್ದು ತಗಡು ನಡುಗಿತು. ಎಲ್ಲರೂ ಕತ್ತು ಹೊರಳಿಸಿದೆವು. ಯಾರೋ ಬೇರೆಯವನ ಲಾರಿ.

ಗುರುವಾರ ಮಧ್ಯಾಹ್ನ ಶೆಡ್ಡಿನ ಹಿಂದೆ ಮೇಜಿನ ಬಟ್ಟೆಯನ್ನು ಒಗೆಯುತ್ತಿದ್ದೆ. ನೆಲದ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಯಂಕೋಬ. ಅಂಗಿಯ ಬಣ್ಣ ತಿಳಿಯದಷ್ಟು ಧೂಳು. ಕೈಯಲ್ಲೊಂದು ಚೀಲ.

“ಗಾಡಿ ಬಿಟ್ಟೆ ಟೀಚರ್ರೇ” ಎಂದ.

ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದೆ. ಇಪ್ಪತ್ತು ವರ್ಷ ಕನ್ನಡ ಕಲಿಸಿದವಳು, ಆ ಎರಡು ಪದಗಳ ವಾಕ್ಯದ ಮುಂದೆ ನಿಂತು, ಅರ್ಥವಾಯಿತು ಎನ್ನಲು ಧೈರ್ಯ ಸಾಲದೆ ಕೇಳಿದೆ: “ಬಿಟ್ಟೆ ಅಂದರೆ... ಯಾವ ಬಿಡು, ಯಂಕೋಬ?”

ಅವನು ಚೀಲವನ್ನು ಕೆಳಗಿಟ್ಟು ಜೋರಾಗಿ ನಕ್ಕ. “ಬಸ್ಸಿಗೆ ಬಂದೀನ್ರಿ! ಕೀಲಿ ಮಾಲೀಕನ ಕೈಯಾಗ ಕೊಟ್ಟೀನಿ.”

“ಹುಲಿಗೆಮ್ಮ ಸಭೆಯಲ್ಲಿ ಹೇಳಿದ್ದು ನಿನಗೆ ತಿಳಿಯಿತೇ?”

“ಇಲ್ರೀ. ಏನ್ ಹೇಳಿದ್ಲು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದುವರಿಸಿದ. “ಘಟ್ಟ ಇಳೀವಾಗ ಮತ್ತ ಕಣ್ಣು ಹತ್ತಿತ್ರಿ. ಗಾಲಿ ಅಂಚಿನ ಕಲ್ಲಿಗೆ ತಾಗಿ ಎಚ್ಚರಾತು. ಕೆಳಗ ನೋಡಿದ್ರ ಬರೇ ಗಿಡದ ತುದಿ. ಆವಾಗ ನಿಮ್ ಮಾತು ನೆನಪಾತು. ಅದೇನ್ರಿ ಅದು, ಸುಗಮವಾಗಿ ಅಂದ್ರಲ್ಲ. ಸುಗಮ ಅಂದ್ರ ಏನಂತ ನಂಗ ಇವತ್ತಿಗೂ ಗೊತ್ತಿಲ್ಲ ಟೀಚರ್ರೇ. ಆದ್ರ ಇದಲ್ಲ ಅಂತ ಮಾತ್ರ ಗೊತ್ತಾತು.”

ಹೀಗೆಂದು ಚೀಲವನ್ನೆತ್ತಿಕೊಂಡು ಮನೆಯ ಕಡೆ ಹೊರಟ. ಸ್ವಲ್ಪ ಹೊತ್ತಿಗೆ ಆ ಓಣಿಯಿಂದ ಹುಲಿಗೆಮ್ಮನ ಬೈಗುಳ ಕೇಳಿಸಿತು. ಒಂದೊಂದು ಪದವೂ ಅರ್ಥವಾಗುವಂತಿತ್ತು.

ಚೀಟಿಯ ಡಬ್ಬಿಯನ್ನು ನಾನು ತೆಗೆಯಲಿಲ್ಲ. ಬಾಯಿಬಿಟ್ಟು ಹೇಳಲಾರದವರಿಗೆ ಅದು ಬೇಕು. ಶುದ್ಧಪ್ರತಿಯ ಪುಸ್ತಕವನ್ನು ಮಾತ್ರ ಅಂದೇ ನಿಲ್ಲಿಸಿದೆ. ಆಮೇಲಿನ ವರ್ಷಗಳಲ್ಲಿ ಆರಾಧನೆಗೆ ಅರ್ಧ ಗಂಟೆ ಮೊದಲೇ ಬಂದು, ಒಂದೊಂದು ಚೀಟಿಯನ್ನು ಹಿಡಿದು ಬರೆದವರ ಪಕ್ಕ ಕುಳಿತು, “ಇದನ್ನು ಹೀಗೆ ಓದಲೇ?” ಎಂದು ಕೇಳಿದ್ದೇನೆ. ಸಭೆ ಮತ್ತೆ ಉದ್ದವಾಯಿತು. ಮುದುಕಿಯ ಹಳೆಯ ಚೀಟಿಯನ್ನು ಅವಳ ಜೊತೆಯಲ್ಲೇ ಕುಳಿತು ತೆಗೆದು ನೋಡಿದೆ. ಅದೃಷ್ಟಕ್ಕೆ ಸರಿಯಾಗಿಯೇ ಓದಿದ್ದೆ. ಉಳಿದವುಗಳ ಬಗ್ಗೆ ಹಾಗೆಂದು ಹೇಳಲಾರೆ. ಒಂದು ವರ್ಷಕ್ಕೂ ಮಿಕ್ಕಿದ ಚೀಟಿಗಳು ಆ ತಂತಿಯಲ್ಲಿದ್ದವು, ಬರೆದವರಲ್ಲಿ ಅನೇಕರು ಆಗಲೇ ಊರು ಬಿಟ್ಟಿದ್ದರು.

ಆ ತಂತಿಯನ್ನು ನನ್ನ ಜಾಗಕ್ಕೆ ಬಂದ ಹುಡುಗಿಗೆ ಒಪ್ಪಿಸಿದ್ದೇನೆ. ಅವಳು ಚುರುಕಾದವಳು, ತಪ್ಪು ಕಂಡರೆ ಪೆನ್ನಿಗೆ ಕೈಹಾಕುತ್ತಾಳೆ. ನಾನು ಎಲ್ಲದರ ಮೇಲೆ ಚುಚ್ಚಿಟ್ಟಿದ್ದ ಹುಲಿಗೆಮ್ಮನ ಚೀಟಿಯನ್ನು ನೋಡಿ, “ಇದರಲ್ಲಿ ಮೂರು ಕಡೆ ತಿದ್ದಿದ್ದೀರಿ, ‘ಬಿಡಲಿ’ ಹಾಗೇ ಇದೆಯಲ್ಲ ಟೀಚರ್, ಅದು ಸರಿಯೇ?” ಎಂದು ಕೇಳಿದಳು.

“ಅದೊಂದೇ ಸರಿ” ಎಂದೆ.